ಪಾದ್ರಿಗಳ ಕಾಲೇಜಿನಲ್ಲಿ ಪಂಪ

ಹಾಸನ ಜಿಲ್ಲೆಯ ಬಾಳ್ಳುಪೇಟೆ, ಆಲೂರು, ಸಕಲೇಶಪುರದ ಕಡೆ ಇಂಗ್ಲಿಷ್ ಮಾಧ್ಯಮದ ಶಾಲೆಯನ್ನು ಯಾರೇ ನಡೆಸಲಿ, ಜನರ ಬಾಯಲ್ಲಿ ಅದು ‘ಕಾನ್ವೆಂಟ್’. ಕನ್ಯಾಸ್ತ್ರೀಯರು ಇರಬೇಕೆಂದಿಲ್ಲ, ಶಿಲುಬೆ ಇರಬೇಕೆಂದಿಲ್ಲ. ಟೈ ಬೂಟು ಹಾಕಿದ ಮಕ್ಕಳು, ಹೆದ್ದಾರಿ ಬದಿಗೆ ಬಂದು ನಿಲ್ಲುವ ಹಳದಿ ಬಸ್ಸು ಇದ್ದರಾಯಿತು. ಕ್ಯಾಥೊಲಿಕರ ಶಾಲೆಯೆಂದರೆ ಇಂಗ್ಲಿಷು, ಶಿಸ್ತು, ಆಮೇಲೊಂದು ನೌಕರಿ ಎಂಬ ತಿಳಿವಳಿಕೆ ಈ ಕಾಫಿ ಸೀಮೆಯಲ್ಲಿ ಅಷ್ಟು ಗಟ್ಟಿಯಾಗಿದೆ. ಇದಕ್ಕೆ ತೀರ ಎದುರಾದ ಮಾತೊಂದು ದೂರದೇಶದ ಕ್ಯಾಥೊಲಿಕರಲ್ಲಿ, ಮುಖ್ಯವಾಗಿ ಅಮೆರಿಕದವರಲ್ಲಿ, ಕೆಲವು ದಶಕಗಳಿಂದ ಕೇಳಿಬರುತ್ತಿದೆ: ಲ್ಯಾಟಿನ್ ಬಿಟ್ಟದ್ದರಿಂದ ನಮ್ಮ ಶಾಲೆಗಳು ಕೆಟ್ಟವು, ವ್ಯಾಕರಣ, ತರ್ಕ, ಅಲಂಕಾರಗಳ ಹಳೆಯ ಉದಾರ ಶಿಕ್ಷಣಕ್ಕೆ ಮರಳೋಣ ಎಂದು. ಕರ್ನಾಟಕದ ಚರಿತ್ರೆಯನ್ನು ಮುಂದಿಟ್ಟುಕೊಂಡರೆ ಈ ಎರಡೂ ಮಾತು ನಿಲ್ಲುವುದಿಲ್ಲ. ನಮ್ಮ ನಾಡಿನ ಕ್ಯಾಥೊಲಿಕ್ ವಿದ್ಯಾಸಂಸ್ಥೆಗಳಲ್ಲಿ ಉದಾರ ಶಿಕ್ಷಣ ಇದ್ದದ್ದು ನಿಜ. ಅದು ಹೆಚ್ಚು ಜೀವಂತವಾಗಿದ್ದ ಜಾಗ ಮಾತ್ರ ಕನ್ನಡ ಪಂಡಿತರ ತರಗತಿ. ಓದಿನ ಜಾಗದಲ್ಲಿ ಅಂಕ ಬಂದು ಕೂತಾಗ ಅದು ಹೋಯಿತು; ಲ್ಯಾಟಿನ್ ಇದ್ದದ್ದಕ್ಕೂ ಹೋದದ್ದಕ್ಕೂ ಇದರಲ್ಲಿ ಪಾತ್ರ ಕಡಿಮೆ.

ಹಳೆಯ ಶಿಕ್ಷಣ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡಬೇಕು. ಮಧ್ಯಯುಗದ ಯುರೋಪು ಏಳು ವಿದ್ಯೆಗಳನ್ನು ಎಣಿಸುತ್ತಿತ್ತು. ವ್ಯಾಕರಣ, ತರ್ಕ, ಅಲಂಕಾರ ಎಂಬ ಮೂರು ಮಾತಿಗೆ ಸೇರಿದವು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕು ಎಣಿಕೆಗೆ ಸೇರಿದವು. ಜೆಸ್ವಿಟರು, ಅಂದರೆ ಯೇಸುಸಭೆಯ ಪಾದ್ರಿಗಳು, 1599ರಲ್ಲಿ ‘ರಾತ್ಸಿಯೊ ಸ್ತುದಿಯೋರುಂ’ ಎಂಬ ನಿಯಮಾವಳಿಯನ್ನು ಹೊರಡಿಸಿ ತಮ್ಮ ಶಾಲೆಗಳಿಗೆಲ್ಲ ಒಂದೇ ಅಚ್ಚು ಕೊಟ್ಟರು. ಕೆಳಗೆ ಮೂರು ವ್ಯಾಕರಣದ ತರಗತಿ, ಮೇಲೆ ಕಾವ್ಯದ ತರಗತಿ, ಅದರ ಮೇಲೆ ಅಲಂಕಾರದ್ದು. ಪಾಠದ ಕ್ರಮವೂ ಗೊತ್ತಾದದ್ದು. ಮೇಷ್ಟರು ಸಿಸೆರೋನದೋ ವರ್ಜಿಲನದೋ ನಾಲ್ಕಾರು ಸಾಲನ್ನು ಗಟ್ಟಿಯಾಗಿ ಓದಬೇಕು, ತಾತ್ಪರ್ಯ ಹೇಳಬೇಕು, ಆಮೇಲೆ ಪದಪದವನ್ನೂ ಬಿಡಿಸಿ ಅನ್ವಯ ಮಾಡಬೇಕು, ಕೊನೆಗೆ ಅಲಂಕಾರ, ಚರಿತ್ರೆ, ನೀತಿ. ಮರುದಿನ ಹುಡುಗರು ಅದನ್ನೇ ಒಪ್ಪಿಸಬೇಕು. ಹತ್ತು ಹುಡುಗರಿಗೆ ಒಬ್ಬ ಹಿರಿಯ ಹುಡುಗ ಒಪ್ಪಿಸಿಕೊಳ್ಳುವವನು. ತರಗತಿಯನ್ನು ರೋಮ್ ಒಂದು ಪಕ್ಷ, ಕಾರ್ತೇಜ್ ಒಂದು ಪಕ್ಷ ಎಂದು ಒಡೆದು, ಒಬ್ಬೊಬ್ಬನಿಗೂ ಎದುರು ಪಕ್ಷದಲ್ಲಿ ಒಬ್ಬ ಎದುರಾಳಿಯನ್ನು ಗೊತ್ತುಮಾಡಿ, ಇವನ ತಪ್ಪನ್ನು ಅವನು ಹಿಡಿಯುವಂತೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ನಾಟಕ. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ: ಕ್ರೈಸ್ತ ಗುರುಗಳು ಹುಡುಗರಿಗೆ ಓದಿಸಿದ ಕಾವ್ಯಗಳು ಕ್ರೈಸ್ತರವಲ್ಲ. ಜೂಪಿಟರನ ಪೂಜೆ ಮಾಡಿದವರ ಕಾವ್ಯ ಅವು. ಅಲ್ಲಲ್ಲಿ ಕತ್ತರಿ ಆಡಿಸಿಯೇ ಓದಿಸಿದರು ಎಂಬುದು ಬೇರೆ. ಅನ್ಯಧರ್ಮೀಯನ ಮಾತನ್ನು ಮಾತಿನ ಚೆಲುವಿಗಾಗಿ, ವಿವೇಕಕ್ಕಾಗಿ ಓದಬಹುದು ಎಂಬ ಒಪ್ಪಿಗೆ ಆ ಪದ್ಧತಿಯ ಬುಡದಲ್ಲೇ ಇತ್ತು.

ಹಾಸನದ ಸೀಮೆಗೆ ಈ ವಿದ್ಯೆ ಓದಿದವರು ಬಂದರು, ವಿದ್ಯೆ ಬರಲಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು ವ್ಯಾಕರಣ, ಧರ್ಮೋಪದೇಶದ ಪುಸ್ತಕ ಬರೆದರು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದ ಮೇಲೆ ಮೈಸೂರು ಸೀಮೆಯ ಹೊಣೆ ಪ್ಯಾರಿಸಿನ ವಿದೇಶ ಮಿಷನ್ನಿನ ಫ್ರೆಂಚ್ ಪಾದ್ರಿಗಳಿಗೆ ಬಂತು. ಅವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಆಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಹಿಂದಿರುಗಿದ ಇವರು ಹಾಸನದ ಹತ್ತಿರದ ಸತ್ತಿಹಳ್ಳಿಯ ಕಡೆ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು, ಸಿಡುಬಿನ ಲಸಿಕೆ ಹಾಕಿಸಿದರು, ಜನರಿಂದ ‘ದೊಡ್ಡಸ್ವಾಮಿಯವರು’ ಅನ್ನಿಸಿಕೊಂಡರು. ಒಕ್ಕಲಿಗೆ ಬೇಕಾದ್ದು ಹೊಲ, ಎತ್ತು, ಲಸಿಕೆ, ವರ್ಜಿಲನಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರ ಮುಂದಿನ ತಲೆಯವರು ಲ್ಯಾಟಿನ್ನಿಗೂ ಕನ್ನಡಕ್ಕೂ ನಂಟು ಬೆಳೆಸಿದ್ದು ನಿಘಂಟಿನಲ್ಲಿ: 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು, 1861ರಲ್ಲಿ ಬಿಷಪ್ ಶಾರ್ಬೊನೊ ಅವರ ಹೆಸರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟು. ಅಪಾರ ದುಡಿಮೆಯ ಪುಸ್ತಕಗಳು ಅವು. ಆದರೆ ಅವನ್ನು ತೆರೆಯಬೇಕಾದವರು ಪಾದ್ರಿಗಳು, ಪಾದ್ರಿಯಾಗಲು ಹೊರಟ ಹುಡುಗರು. ಲ್ಯಾಟಿನ್ ಸೆಮಿನರಿಯ ಗೋಡೆಯೊಳಗಿನ ವೃತ್ತಿಭಾಷೆಯಾಯಿತು. ಮಂಗಳೂರಿನ ಜೆಪ್ಪುವಿನಲ್ಲಿ 1879ರಲ್ಲಿ ಆರಂಭವಾದ ಸಂತ ಜೋಸೆಫರ ಸೆಮಿನರಿಯಲ್ಲಿ, 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದ ಸಂತ ಪೇತ್ರರ ಸೆಮಿನರಿಯಲ್ಲಿ ಹುಡುಗರು ಅದನ್ನು ಕಲಿತದ್ದು ಪೂಜೆ ಸಲ್ಲಿಸಲು, ದೈವಶಾಸ್ತ್ರದ ಪಠ್ಯ ಓದಲು. ಬಡಗಿಗೆ ಉಳಿ ಬೇಕಾದಂತೆ ಪಾದ್ರಿಗೆ ಲ್ಯಾಟಿನ್ ಬೇಕಾಗಿತ್ತು. ಕಸುಬಿನ ಕಲಿಕೆ ಕೀಳೆಂದು ಹೇಳುತ್ತಿಲ್ಲ. ಅದನ್ನು ಉದಾರ ಶಿಕ್ಷಣ ಎಂದು ಕರೆಯಲು ಬರುವುದಿಲ್ಲ, ಅಷ್ಟೆ.

ಸಕಲೇಶಪುರ ಆಗ ಮಂಜ್ರಾಬಾದ್ ತಾಲ್ಲೂಕು. 1840ರ ದಶಕದಲ್ಲಿ ಯುರೋಪಿಯನ್ನರು ಇಲ್ಲಿ ಕಾಫಿ ತೋಟ ಎಬ್ಬಿಸಿದರು. 1856ರಲ್ಲಿ ಬಂದ ಆರ್. ಎಚ್. ಎಲಿಯಟ್ ಬರೆದ ಪುಸ್ತಕಗಳಲ್ಲಿ ಆ ಕಾಲದ ತೋಟದ ಬದುಕು ಸಿಗುತ್ತದೆ. ಕರಾವಳಿಯಿಂದ ಕೂಲಿಗಳು ಬಂದರು, ಅವರ ಜೊತೆ ರೈಟರುಗಳಾಗಿ, ಮೇಸ್ತ್ರಿಗಳಾಗಿ, ಕೆಲವರು ಮುಂದೆ ತೋಟದ ಮಾಲೀಕರಾಗಿ ಮಂಗಳೂರಿನ ಕ್ಯಾಥೊಲಿಕರೂ ಘಟ್ಟ ಹತ್ತಿದರು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚರು ಕಟ್ಟಿದ ಇಗರ್ಜಿ, ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಆ ಕಟ್ಟಡ, ಈಗ ಫೋಟೊ ತೆಗೆಯುವವರ ಜಾಗ. ಅದರ ಕಮಾನು ನೋಡಿ ಇಲ್ಲೆಲ್ಲ ದೊಡ್ಡ ವಿದ್ಯಾಕೇಂದ್ರ ಇದ್ದಿರಬೇಕೆಂದು ಊಹಿಸುವುದು ಸುಲಭ. ಗುಡ್ಡಗಾಡಿನ ಇಗರ್ಜಿಯ ಬಳಿ ಆ ದಿನಗಳಲ್ಲಿ ಶಾಲೆ ಇದ್ದರೆ ಅದು ಅಕ್ಷರ, ಮಗ್ಗಿ, ಜಪಗಳ ಶಾಲೆ. ಸರ್ಕಾರದ ಕಡೆಯಿಂದಲೂ ಬಂದದ್ದು ಅಂಥದೇ: ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ, ಕನ್ನಡದಲ್ಲಿ ಓದು ಬರಹ ಲೆಕ್ಕ. ಹೆಚ್ಚಿನದು ಬೇಕಾದವನು ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಮಂಗಳೂರಿನಲ್ಲಿ ಬೋರ್ಡಿಂಗ್ ಸೇರಬೇಕು. ಬಾಳ್ಳುಪೇಟೆಯ ಮೇಲೆ ಹಾದು ಹೋಗುವ ಹಾಸನ-ಮಂಗಳೂರು ರೈಲು ಬಂದದ್ದೇ 1979ರಲ್ಲಿ.

ಘಟ್ಟದ ಕೆಳಗೆ ಏನಿತ್ತು? ಪೋಪರು 1814ರಲ್ಲಿ ಮತ್ತೆ ಜೀವ ಕೊಟ್ಟ ಯೇಸುಸಭೆಯವರು 1878ರ ಡಿಸೆಂಬರ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಬಂದವರಲ್ಲಿ ಬಹುಪಾಲು ಇಟಲಿಯವರು, ರಾತ್ಸಿಯೊ ಪದ್ಧತಿಯಲ್ಲೇ ಬೆಳೆದವರು. ಅವರಲ್ಲಿ ಆಂಜೆಲೊ ಮಫೆಯಿ ಕೊಂಕಣಿಗೆ ವ್ಯಾಕರಣ, ನಿಘಂಟು ಎರಡನ್ನೂ 1882-83ರಲ್ಲೇ ಬರೆದು ಮುಗಿಸಿದರು. 1899ರಿಂದ ಎರಡು ವರ್ಷ ಬ್ರದರ್ ಅಂತೋನಿಯೊ ಮೊಸ್ಕೇನಿ ಕಾಲೇಜಿನ ಚಾಪೆಲಿನ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಇಂಥವರು ತಮ್ಮೂರಿನ ಶಿಕ್ಷಣವನ್ನೇ ಇಲ್ಲೂ ಹೂಡುತ್ತಾರೆ ಎಂದು ಯಾರೂ ನಿರೀಕ್ಷಿಸಬಹುದಿತ್ತು. ಅದಕ್ಕೆ ಆಸ್ಪದವಿರಲಿಲ್ಲ. 1854ರ ವುಡ್ ನಿರೂಪದ ಮೇಲೆ ನಡೆದ ಅನುದಾನದ ಪದ್ಧತಿ, 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್, ಎಫ್.ಎ., ಬಿ.ಎ. ಪರೀಕ್ಷೆಗಳು ಏನು ಓದಿಸಬೇಕೆಂಬುದನ್ನು ಮೊದಲೇ ನಿರ್ಧರಿಸಿಯಾಗಿತ್ತು. ಮುನ್ಸೀಫ್ ಕೋರ್ಟಿನಲ್ಲೋ ಕಲೆಕ್ಟರ ಕಚೇರಿಯಲ್ಲೋ ಕೆಲಸ ಬಯಸಿದ ಹುಡುಗನಿಗೂ ಅವನ ತಂದೆಗೂ ಬೇಕಾದದ್ದು ಆ ಸರ್ಟಿಫಿಕೇಟು. ಹೀಗಾಗಿ ರಾತ್ಸಿಯೊ ಇಲ್ಲಿಗೆ ಪಠ್ಯವಾಗಿ ಬರದೆ ರೂಢಿಯಾಗಿ ಬಂತು: ಒಪ್ಪಿಸುವುದು, ಭಾಷಣ ಸ್ಪರ್ಧೆ, ಚರ್ಚಾಕೂಟ, ಬಹುಮಾನದ ದಿನ, ವಾರ್ಷಿಕ ನಾಟಕ. ಇವತ್ತಿನ ಕಾನ್ವೆಂಟಿನ ಸ್ಕೂಲ್ ಡೇ ಆ ಅಟ್ಟದಿಂದ ಇಳಿದದ್ದೇ, ಗೊತ್ತಿದ್ದೋ ಗೊತ್ತಿಲ್ಲದೆಯೋ.

ಆದರೆ ಮದರಾಸಿನ ಪಠ್ಯಕ್ರಮದಲ್ಲಿ ಎರಡನೆಯ ಭಾಷೆಗೆ ಒಂದು ಜಾಗ ಇತ್ತು; 1832ರಲ್ಲಿ ತಿದ್ದಿದ ರಾತ್ಸಿಯೊ ಕೂಡ ದೇಶಭಾಷೆಗಳಿಗೆ ಹಿಂದೆ ಇಲ್ಲದ ಗೌರವ ಕೊಟ್ಟಿತ್ತು. ಆ ಜಾಗಕ್ಕೆ ಕನ್ನಡ ಪಂಡಿತರು ಬಂದರು. ಮುಳಿಯ ತಿಮ್ಮಪ್ಪಯ್ಯನವರು ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬಹುಕಾಲ ಕನ್ನಡ ಪಂಡಿತರಾಗಿದ್ದರು. ವಿಟ್ಲ ಸೀಮೆಯ ಹವ್ಯಕ ಮನೆತನದವರು. ಪಂಪನ ಬಗ್ಗೆ ಕನ್ನಡದಲ್ಲಿ ಬಂದ ದೊಡ್ಡ ವಿಮರ್ಶೆಗಳಲ್ಲಿ ಒಂದಾದ ‘ನಾಡೋಜ ಪಂಪ’ವನ್ನು ಬರೆದವರು. ಪಂಪಭಾರತವನ್ನು ರೈಸರು ಮೊದಲು ಅಚ್ಚು ಹಾಕಿಸಿದ್ದು 1898ರಲ್ಲಿ, ಸಾಹಿತ್ಯ ಪರಿಷತ್ತಿನ ಮುದ್ರಣ ಬಂದದ್ದು 1931ರಲ್ಲಿ. ಅಂದರೆ ಹಳಗನ್ನಡದ ಆದಿಕವಿ ಇಡೀ ನಾಡಿಗೇ ಆಗತಾನೆ ಮರಳಿ ಸಿಕ್ಕಿದ್ದ ಕಾಲ ಅದು. ಮುಳಿಯರ ನಂತರದ ತಲೆಮಾರಿನ ಸೇಡಿಯಾಪು ಕೃಷ್ಣಭಟ್ಟರೂ ಅದೇ ಸಂಸ್ಥೆಯಲ್ಲಿ ಕನ್ನಡ ಪಾಠ ಹೇಳಿದವರು, ಛಂದಸ್ಸು ಮತ್ತು ಶಬ್ದಶಾಸ್ತ್ರದಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆ ಕಾಲದ ಪಂಡಿತರ ತರಗತಿ ನಡೆಯುತ್ತಿದ್ದ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ವೃತ್ತವೊಂದನ್ನು ಪಂಡಿತರು ರಾಗವಾಗಿ ಓದುತ್ತಾರೆ. ಹುಡುಗನೊಬ್ಬ ಎದ್ದು ಪದವಿಂಗಡಣೆ ಮಾಡುತ್ತಾನೆ, ಸಂಧಿ ಬಿಡಿಸುತ್ತಾನೆ. ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಹುಡುಕಿ ಅನ್ವಯ ಹೇಳುತ್ತಾನೆ. ಸಮಾಸ ಬಂದರೆ ವಿಗ್ರಹವಾಕ್ಯ. ಆಮೇಲೆ ಪ್ರತಿಪದಾರ್ಥ, ಭಾವಾರ್ಥ. ಇನ್ನೊಬ್ಬ ಬೋರ್ಡಿಗೆ ಹೋಗಿ ಅಕ್ಷರಗಳ ಮೇಲೆ ಗುರು ಲಘುವಿನ ಗುರುತು ಹಾಕಿ, ಯಮಾತಾರಾಜಭಾನಸಲಗಂ ಎಂದು ಗೊಣಗುತ್ತ ಗಣ ವಿಂಗಡಿಸಿ, ಇದು ಚಂಪಕಮಾಲೆಯೋ ಉತ್ಪಲಮಾಲೆಯೋ ಹೇಳುತ್ತಾನೆ. ಕೊನೆಗೆ ಅಲಂಕಾರ ಯಾವುದು, ಲಕ್ಷಣ ಸಮನ್ವಯ ಹೇಗೆ. ಪಕ್ಕದ ಕೋಣೆಯ ಇಟಲಿಯ ಪಾದ್ರಿ ಇದನ್ನು ಕೇಳಿಸಿಕೊಂಡಿದ್ದರೆ ಅವರಿಗೆ ಅರ್ಥವಾಗದೆ ಉಳಿಯುತ್ತಿದ್ದದ್ದು ಭಾಷೆ ಮಾತ್ರ. ವರ್ಜಿಲನ ಸಾಲಿಗೆ ದೀರ್ಘ ಹ್ರಸ್ವಗಳ ಗುರುತು ಹಾಕಿ ಬೆಳೆದವರು ಅವರು. ಓದು, ಅನ್ವಯ, ಅರ್ಥ, ಅಲಂಕಾರ ಎಂಬ ಮೆಟ್ಟಿಲುಗಳು 1599ರ ನಿಯಮಾವಳಿಯಲ್ಲಿದ್ದವೇ. ಜೈನ ಕವಿ, ಹವ್ಯಕ ಪಂಡಿತ, ಜೆಸ್ವಿಟರ ಕಾಲೇಜು. ಬೆಂಚಿನ ಮೇಲೆ ಕೊಂಕಣಿ, ತುಳು ಮನೆಮಾತಿನ ಹುಡುಗರು. ಯಾರ ಮನೆಯ ಧರ್ಮವೂ ಅಲ್ಲದ ಕಾವ್ಯವನ್ನು ಎಲ್ಲರೂ ಕೂತು ಬಿಡಿಸುವುದು ಆ ಹಳೆಯ ಪದ್ಧತಿಯ ತಿರುಳಾಗಿತ್ತು. ಅದು ಇಲ್ಲಿ ಕನ್ನಡದಲ್ಲಿ ನೆರವೇರಿತು.

ಇದರಿಂದ ಕ್ಯಾಥೊಲಿಕರು ಕನ್ನಡದ ಉದ್ಧಾರ ಮಾಡಿದರು ಎಂಬ ತೀರ್ಮಾನಕ್ಕೆ ಹಾರಬಾರದು. ಹಳಗನ್ನಡವನ್ನು ಅಚ್ಚಿಗೆ ತಂದ ಮಿಷನರಿಗಳು ಪ್ರಾಟೆಸ್ಟೆಂಟರು: ಮೊಗ್ಲಿಂಗ್, ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಮುದ್ರಿಸಿದ ಕಿಟ್ಟೆಲ್. ಗ್ರೀಕ್ ದುರಂತ ನಾಟಕ ಕನ್ನಡಕ್ಕೆ ಬಂದ ದಾರಿಯಂತೂ ತೀರ ಬೇರೆ. ಸೊಫೊಕ್ಲೀಸನ ‘ಅಜಾಕ್ಸ್’ ‘ಅಶ್ವತ್ಥಾಮನ್’ ಆದದ್ದು 1929ರಲ್ಲಿ, ಈಸ್ಕಿಲಸನ ‘ಪಾರಸಿಕರು’ ಬಂದದ್ದು 1935ರಲ್ಲಿ, ಎರಡೂ ಮೈಸೂರು ಸಂಸ್ಥಾನದ ಸರ್ಕಾರಿ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದ ಬಿ. ಎಂ. ಶ್ರೀಕಂಠಯ್ಯನವರ ಕೈಯಿಂದ. ಸೆಮಿನರಿಗಳಲ್ಲಿ ತಲೆಮಾರುಗಟ್ಟಲೆ ಲ್ಯಾಟಿನ್ ಕಲಿತ ಕನ್ನಡಿಗರಿದ್ದರೂ ವರ್ಜಿಲ, ಹೊರೇಸರು ಆ ದಾರಿಯಿಂದ ಕನ್ನಡದ ಓದುಗರ ಮನೆಮಾತಾಗಲಿಲ್ಲ. ಲ್ಯಾಟಿನ್ ಇದ್ದರೆ ಉದಾರ ಶಿಕ್ಷಣ ತಾನಾಗಿ ಬರುತ್ತದೆ ಎನ್ನುವವರು ಈ ಸಂಗತಿಗೆ ಉತ್ತರ ಹುಡುಕಬೇಕು.

ಪಂಡಿತರ ತರಗತಿ ನಮ್ಮದೇ ಪರಂಪರೆ, ಅದಕ್ಕೆ ಪಾದ್ರಿಗಳ ಹಣೆಪಟ್ಟಿ ಏಕೆ ಎಂಬ ಆಕ್ಷೇಪ ಬರುತ್ತದೆ. ಬರಲೇಬೇಕು. 1162ರ ಬಳ್ಳಿಗಾವಿಯ ಶಾಸನ ಅಲ್ಲಿನ ಕೋಡಿಯ ಮಠವನ್ನು ಬಣ್ಣಿಸುವಾಗ ನಾಲ್ಕು ವೇದ, ಪಾಣಿನಿ ಶಾಕಟಾಯನರ ವ್ಯಾಕರಣಗಳು, ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ, ಕಾವ್ಯ, ನಾಟಕ ಎಲ್ಲವನ್ನೂ ಎಣಿಸುತ್ತದೆ, ಜೊತೆಗೆ ಅನ್ನದಾನವನ್ನೂ ರೋಗಿಗಳಿಗೆ ಔಷಧ ಕೊಡುವುದನ್ನೂ. ಶೈವ ಮಠದಲ್ಲಿ ಬೌದ್ಧ ದರ್ಶನ, ಜೈನ ವೈಯಾಕರಣನ ಸೂತ್ರ. ಯುರೋಪಿನ ವಿಶ್ವವಿದ್ಯಾಲಯಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಹಾಗಾಗಿ ಮಂಗಳೂರಿನ ಕಾಲೇಜು ಈ ವಿದ್ಯೆಯನ್ನು ಕಂಡುಹಿಡಿಯಿತು ಎಂದು ನಾನು ಹೇಳುವುದಿಲ್ಲ. ಅದು ಮಾಡಿದ್ದು ಇಷ್ಟು: ಆ ವಿದ್ಯೆಗೆ ಸಂಬಳ, ಕೋಣೆ, ವೇಳಾಪಟ್ಟಿ ಕೊಟ್ಟಿತು, ಮತ್ತು ಅದನ್ನು ಕೇಳುವ ಹಕ್ಕು ಜಾತಿಯಿಂದ ಬಾರದ ಹುಡುಗರನ್ನೂ ಅದರ ಮುಂದೆ ಕೂರಿಸಿತು. ಅಗ್ರಹಾರ ಇವರಲ್ಲಿ ಬಹುಪಾಲಿನವರನ್ನು ಹೊಸ್ತಿಲ ಆಚೆಯೇ ನಿಲ್ಲಿಸುತ್ತಿತ್ತು. ಮತಪ್ರಚಾರದ ಸಂಸ್ಥೆ ಉದಾರವಾಗಿರಲು ಹೇಗೆ ಸಾಧ್ಯ ಎಂಬ ಇನ್ನೊಂದು ಆಕ್ಷೇಪದಲ್ಲೂ ಹುರುಳಿದೆ. ತತ್ತ್ವಶಾಸ್ತ್ರದ ಕಡೆ ಬಂದಾಗ ಜೆಸ್ವಿಟರು ಅಕ್ವಿನಾಸನ ಗೆರೆ ದಾಟಲು ಬಿಟ್ಟವರಲ್ಲ. ಆದರೆ ಸಾಹಿತ್ಯದ ತರಗತಿಯ ಮೇಲೆ ಆ ಗೆರೆ ಬೀಳಲಿಲ್ಲ ಎಂಬುದಕ್ಕೆ ಮುಳಿಯರ ಪುಸ್ತಕವೇ ಸಾಕ್ಷಿ. ಪಂಪನ ಪರವಾಗಿ ಅಷ್ಟು ಉತ್ಸಾಹದಿಂದ ಬರೆದವರಿಗೆ ಅಲ್ಲಿ ಜಾಗವಿತ್ತು.

ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಮೂರನೆಯ ಆಕ್ಷೇಪ. ಇದೆಲ್ಲ ಉಳ್ಳವರ ಓದು. ಮಂಜ್ರಾಬಾದಿನ ಕೂಲಿ ಲೈನಿನ ಮಗುವಿಗೆ ಚಂಪಕಮಾಲೆ ಯಾಕೆ? ಜೆಸ್ವಿಟರ ಮೊದಲ ಶಾಲೆಗಳು ಫೀಸು ತೆಗೆದುಕೊಳ್ಳುತ್ತಿರಲಿಲ್ಲ, ಸಭೆಯ ನಿಯಮವೇ ಅದು. 1833ರಲ್ಲಿ ಪೋಪರ ಅನುಮತಿ ಪಡೆದು ಫೀಸು ಆರಂಭಿಸಿದರು, ಅಲ್ಲಿಂದ ಈ ಓದಿಗೆ ಬೆಲೆಚೀಟಿ ಅಂಟಿತು. ಮಂಗಳೂರಿನಲ್ಲಿ ಗುಡ್ಡದ ಮೇಲೆ ಕಾಲೇಜು ಕಟ್ಟಿದವರೇ ಜೆಪ್ಪುವಿನಲ್ಲಿ ಅನಾಥರಿಗೆ, ಬಡವರಿಗೆ ಕಸುಬಿನ ಕಾರ್ಖಾನೆ ಕಟ್ಟಿದರು. ಉಳ್ಳವನಿಗೆ ಕಾವ್ಯ, ಇಲ್ಲದವನಿಗೆ ಉಳಿ ಸುತ್ತಿಗೆ. ಕರುಣೆಯಿಂದಲೇ ಮಾಡಿದ ಏರ್ಪಾಡು, ಆದರೂ ಅದರೊಳಗೆ ಯಾರ ಮನಸ್ಸು ಎಷ್ಟು ಬೆಳೆಯಬಹುದು ಎಂಬ ಅಳತೆ ಅಡಗಿದೆ. ತೋಟದ ಮಕ್ಕಳ ಮಟ್ಟಿಗೆ ಸ್ವತಂತ್ರ ಭಾರತದ ಕಾನೂನೂ ಇದಕ್ಕಿಂತ ಮುಂದೆ ಹೋಗಲಿಲ್ಲ: 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ, 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ತೋಟದ ಮಾಲೀಕರು ಓದಿನ ಅನುಕೂಲ ಮಾಡಿಕೊಡುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಎನ್ನುತ್ತಿತ್ತು. ಹನ್ನೆರಡಕ್ಕೆ ನಿಂತಿತು. ಹಾಗಾದರೆ ಈ ಓದು ಉಳ್ಳವರದಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಅದರಿಂದ ಅದು ಉಳಿದವರಿಗೆ ಬೇಡ ಎಂದಾಗುವುದಿಲ್ಲ. ಬೇಡವೆಂದು ಕೂಲಿಯವರು ಎಲ್ಲೂ ಹೇಳಿಲ್ಲ. ಅವರ ಪರವಾಗಿ ಬೇರೆಯವರು ಹೇಳಿದ್ದಾರೆ. ಅಕ್ಷರ ಬಾರದವರೂ ಇಡೀ ರಾತ್ರಿ ಕೂತು ಯಕ್ಷಗಾನದ ಅರ್ಥಗಾರಿಕೆಯಲ್ಲಿ ವಾದ ಪ್ರತಿವಾದ ಕೇಳುವ ಕರಾವಳಿಯಿಂದ ಬಂದವರ ಮಕ್ಕಳಿಗೆ ಕಾವ್ಯ ನಿಲುಕದು ಎನ್ನುವುದು ದುಡುಕಿನ ಮಾತು.

ಇನ್ನು ಈ ಓದು ಹೋದದ್ದು ಯಾವಾಗ? 1960ರ ದಶಕದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡದಲ್ಲಿ ನಡೆಯತೊಡಗಿತು, ಸೆಮಿನರಿಯಲ್ಲೂ ಲ್ಯಾಟಿನ್ ಸೊರಗಿತು.  ಆದರೆ ಶಾಲೆಯ ಹುಡುಗನಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ಅವನು ಲ್ಯಾಟಿನ್ ಕಲಿತಿದ್ದರಲ್ಲವೇ? ಅವನ ಶಾಲೆಯಲ್ಲಿ ಕೆಟ್ಟದ್ದು ಏನೆಂದು ತಿಳಿಯಲು ಶಾಲೆಯ ಭಾಷೆಗಳ ಬಗ್ಗೆ ನಡೆದ ಗೋಕಾಕ್ ಚಳವಳಿಯ ಮೂಲಕ್ಕೆ ಹೋಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುವವರ ಸಂಖ್ಯೆ ಬೆಳೆದದ್ದು ಆ ಜಗಳದ ಬೇರು. 1981ರಲ್ಲಿ ಗೋಕಾಕ್ ಸಮಿತಿಯ ವರದಿ, 1982ರಲ್ಲಿ ಬೀದಿಯ ಚಳವಳಿ. ಆ ಮಕ್ಕಳಲ್ಲಿ ಬಹುಮಂದಿ ಸಂಸ್ಕೃತವನ್ನು ಆರಿಸಿದ್ದು ಕಾಳಿದಾಸನಿಗಾಗಿ ಅಲ್ಲ, ಅಂಕಕ್ಕಾಗಿ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದಿತ್ತು. ಅಭಿಜಾತ ಭಾಷೆಯ ಹೆಸರು ಅಂಕಪಟ್ಟಿಯಲ್ಲಿ ಉಳಿದು, ಓದು ಹೊರಟುಹೋಗಿತ್ತು. ಕನ್ನಡದ ಪೀರಿಯಡ್ಡಿನ ಗತಿಯೂ ಬೇರೆಯಾಗಲಿಲ್ಲ: ಭಾವಾರ್ಥ ಗೈಡಿನಲ್ಲಿ ಅಚ್ಚಾಗಿ ಬಂದ ಮೇಲೆ ಅನ್ವಯ ಮಾಡುವವರಾರು? 1880ರಲ್ಲಿ ಇಟಲಿಯ ಪಾದ್ರಿಗಳನ್ನು ಬಗ್ಗಿಸಿದ ಪರೀಕ್ಷೆಯೇ ನೂರು ವರ್ಷದ ಮೇಲೆ ಪಂಡಿತರನ್ನೂ ಬಗ್ಗಿಸಿತು. ಪಂಡಿತರ ಕಾಲದಲ್ಲೂ ಪರೀಕ್ಷೆ ಇತ್ತಲ್ಲ ಎಂದರೆ, ಇತ್ತು. ಆದರೆ ಕಾಣದ ಪದ್ಯ ಕೊಟ್ಟು ಅರ್ಥ ಬರೆ ಎಂದರೆ ಹುಡುಗ ಬಿಡಿಸಲು ಕಲಿತೇ ತೀರಬೇಕು. ಬಿಟ್ಟ ಸ್ಥಳ ತುಂಬಲು ಬೇಕಾದ ಪೂರ್ವಸಿದ್ಧತೆ ಬೇರೆ ಥರದ್ದು.

ಹೀಗಿರುವಾಗ ಬಾಳ್ಳುಪೇಟೆಯ ಸುತ್ತಿನ ಯಾವುದಾದರೂ ಕ್ಯಾಥೊಲಿಕ್ ಶಾಲೆಗೆ ತನ್ನ ಹಳೆಯ ಪದ್ಧತಿಯ ನೆನಪಾದರೆ, ಅದು ಅಮೆರಿಕದಿಂದ ಲ್ಯಾಟಿನ್ ಪುಸ್ತಕ ತರಿಸಬೇಕಾಗಿಲ್ಲ. 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಹಲ್ಮಿಡಿ ಶಾಸನ ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನದು. ಹದಿನಾರು ಸಾಲು, ಒಂದು ವಾರದ ಪಾಠ. ಅದರಲ್ಲಿ ಸಂಸ್ಕೃತ ಎಷ್ಟು, ಕನ್ನಡ ಎಷ್ಟು, ದಾನ ಕೊಟ್ಟವರು ಯಾರು, ಪಡೆದವರು ಯಾರು, ಕ್ರಿಯಾಪದ ಎಲ್ಲಿದೆ ಎಂದು ಏಳನೆಯ ತರಗತಿಯ ಹುಡುಗಿಯೂ ಬಿಡಿಸಬಹುದು. ‘ಶಬ್ದಮಣಿದರ್ಪಣ’ದ ಕೇಶಿರಾಜನನ್ನು ಹೊಯ್ಸಳರ ಕಾಲದವನೆಂದು ಹೇಳುತ್ತಾರೆ, ಹೊಯ್ಸಳರ ರಾಜಧಾನಿ ಹಳೇಬೀಡು ಶಾಲಾ ಪ್ರವಾಸದ ಬಸ್ಸು ಪ್ರತಿವರ್ಷ ಹೋಗುವ ಊರು. ಸಮಯ ಎಲ್ಲಿದೆ ಎನ್ನುವ ಹಾಗಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇದ್ದೇ ಇದೆ. ಅದನ್ನು ದಂಡವೆಂದು ತಿಳಿದು ಕಡಿಮೆ ಸಂಬಳದ ಮೇಷ್ಟರೊಬ್ಬರಿಗೆ ಒಪ್ಪಿಸುತ್ತಾರೋ, ಮುಳಿಯರಂಥವರನ್ನು ಹುಡುಕಿ ತರುತ್ತಾರೋ, ಅದನ್ನು ಕಾಯ್ದೆ ಹೇಳುವುದಿಲ್ಲ. ಗೊತ್ತುಮಾಡುವವರು ಆಯಾ ಶಾಲೆಯ ಆಡಳಿತ ಮಂಡಳಿಯವರು.